ಸುಪ್ಪಯಾವ್ರಿಯ ಕೊಂಬು

೧೯೫೮ರ ಡಿಸೆಂಬರ್ ೯, ಮಂಗಳವಾರ, ಮಧ್ಯಾಹ್ನ ಒಂದೂ ನಲವತ್ತು. ಧ್ರುವದ ಅಂಚಿನ ಆ ಸೀಮೆಯಲ್ಲಿ ಚಳಿಗಾಲದ ಸೂರ್ಯ ಮುಖ ತೋರಿಸದೆ ಎರಡು ವಾರವಾಗಿತ್ತು. ಸರೋವರದಾಚೆ ಉಳಿದಿದ್ದ ಚೂರು ನೀಲಿ ಬೆಳಕೂ ಆರುತ್ತಿತ್ತು.

"ಸರೋವರದ ಬಂಡೆ ಮೇಲಿರೋ ಆ ಕೊಂಬು ಮಾತ್ರ ಮುಟ್ಟಬೇಡ ತಮ್ಮಾ," ಎಂದಳು ರಿಸ್ತಿನ್ ಅಜ್ಜಿ. ಅವಳ ಗುಡಿಸಲ ತುಂಬ ಬರ್ಚ್ ಸೌದೆಯ ಹೊಗೆ, ಒದ್ದೆ ಹಿಮಸಾರಂಗದ ತೊಗಲು, ಕುದ್ದು ಕುದ್ದು ಕಹಿಯಾದ ಕಾಫಿಯ ವಾಸನೆ. "ನಮ್ಮ ಚಿಕ್ಕಪ್ಪ ಮಾಟ ಮಾಡಿ ಕಟ್ಟಿದ್ದು. ತನ್ನನ್ನ ಹೀಯಾಳಿಸಿದೋರಿಗೆ ಅಂತಲೇ. ಮುಟ್ಟಿದೋರನ್ನ ಅವರು ಆಡಿದ ಮಾತೇ ತಿನ್ನುತ್ತೆ."

ಐವಿಂದ್ ತ್ವೇತೆನ್ ನಕ್ಕ. ಸುಪ್ಪಯಾವ್ರಿ ಸರೋವರದ ಮೇಲೆ ಲಾರಿ ಓಡಿಸಬಹುದೇ ಎಂದು ಅಳೆಯಲು ಓಸ್ಲೋದಿಂದ ಬಂದಿದ್ದ ಇಂಜಿನಿಯರ್ ಅವನು.

"ತಿನ್ನುತ್ತಾ? ಹಲ್ಲು ಎಷ್ಟಿವೆಯಂತೆ ಅದಕ್ಕೆ? ನಿನಗಿಂತ ಜಾಸ್ತಿನಾ ಅಜ್ಜಿ?"

"ನಗು, ಪರವಾಗಿಲ್ಲ. ಅದು ಕರೆದಾಗ ಮಾತ್ರ ಕೂಗಿ ಕ್ಷಮೆ ಕೇಳು. ಕ್ಷಮೆಯಾಯ್ತು ಅಂತ ತನಗೆ ತಾನೇ ಹೇಳ್ಕೊಳ್ಳೋಕೆ ಬರಲ್ಲ. ಇನ್ನೊಬ್ಬರ ಬಾಯಿಂದಲೇ ಬರಬೇಕು. ನಾನು ದಡದಲ್ಲಿ ಇರ್ತೀನಿ."

ಆ ಊರವರ ಭಾನುವಾರದ ಪ್ರಾರ್ಥನೆಯನ್ನು ಅವನು ನೋಡಿದ್ದ. ಬೆಳೆದ ಗಂಡಸರು ಒಬ್ಬರ ಕೊರಳು ಒಬ್ಬರು ತಬ್ಬಿ, ಮೂಗು ಸುರಿಸುತ್ತ, ಪರಸ್ಪರ ಪಾಪ ಕ್ಷಮಿಸುತ್ತಿದ್ದರು. ಹೆಂಡವಿಲ್ಲದೆ ಅಮಲೇರಿಸಿಕೊಂಡ ಮಂದಿ ಎನಿಸಿತ್ತು ಅವನಿಗೆ.

"ಮಂಜುಗಡ್ಡೆ ಹತ್ತು ಸೆಂಟಿಮೀಟರ್ ದಪ್ಪ ಇದ್ರೆ ಮನುಷ್ಯ ನಿಲ್ತಾನೆ, ಕಡಿಮೆಯಾದ್ರೆ ಮುಳುಗ್ತಾನೆ. ಇದರಲ್ಲಿ ನಿನ್ನ ದೇವರಿಗೇನು ಕೆಲಸ? ಬೆಳಗ್ಗೆ ಅಳೆದಿದ್ದೀನಿ. ಮೂವತ್ತೆಂಟಿದೆ."

ಸರೋವರದ ನಡುವೆ ಮಂಜುಗಡ್ಡೆಯಿಂದ ತಲೆಯೆತ್ತಿದ್ದ ಬಂಡೆಯ ಮೇಲೆ ಒಂದು ಕಲ್ಲುಗುಪ್ಪೆ. ಅದರೊಳಗೆ ಹಿಮಸಾರಂಗದ ಕೊಂಬು. ನರದ ದಾರ ಸುತ್ತಿ, ಮರದ ತೊಗಟೆಯ ಕೆಂಪು ರಸ ಬಳಿದದ್ದು. ಹಳೇ ರಕ್ತದ ನಾತ. ಅಲ್ಲಿಗೆ ನಡೆದು ಬಂದ ಐವಿಂದ್ ಪಕ್ಕದಲ್ಲೇ ಮಂಜುಗಡ್ಡೆಗೆ ಬೈರಿಗೆ ಹಾಕಿ ತೂತು ಕೊರೆದ. ಎರಡು ಬೆರಳಲ್ಲಿ, ಸತ್ತ ಇಲಿ ಹಿಡಿದಂತೆ, ಕೊಂಬನ್ನು ಎತ್ತಿ ತೂತಿಗೆ ಬಿಟ್ಟ. ಗುಳುಕ್ ಎಂದಿತು.

ಆಮೇಲೆ ಮಂಜುಗಡ್ಡೆ ಗುಡುಗಿತು. ದಡದಿಂದ ದಡಕ್ಕೆ ಒಂದೇ ಉದ್ದನೆಯ ನರಳು. ಅದಕ್ಕೆ ಅವನು ಬೆಚ್ಚಲಿಲ್ಲ. ಚಳಿ ಏರಿದರೆ ಮಂಜುಗಡ್ಡೆ ಕುಗ್ಗುತ್ತದೆ, ಕುಗ್ಗಿದರೆ ಸೀಳುತ್ತದೆ, ಸೀಳಿದರೆ ಸದ್ದು. ಸಲಕರಣೆ ಕಟ್ಟಿಕೊಂಡು ದಡದತ್ತ ಹೊರಟ.

"ಹಲ್ಲು ಎಷ್ಟಿವೆಯಂತೆ ಅದಕ್ಕೆ?"

ಅಂಗಾಲಿನ ಕೆಳಗಿಂದ ಬಂತು. ಅವನದೇ ದನಿ. ಕೊನೆಯಲ್ಲಿ ಅವನದೇ ನಗು.

ಅವನು ಓಡಿದ. ದನಿ ಜೊತೆಗೇ ಬಂತು. ಹಾಸಿಗೆ ಹಿಡಿದ ಅಪ್ಪನಿಗೆ ಹಿಂದೊಮ್ಮೆ ತಾನು ಅಂದದ್ದು: "ಸಾಯೋದಕ್ಕೂ ಇಷ್ಟು ಹೊತ್ತು ಬೇಕಾ ನಿನಗೆ?" ಹೆಂಡತಿಗೆ ಅಂದದ್ದು. ತಮ್ಮನಿಗೆ ಅಂದದ್ದು. ಒಂದೊಂದು ಮಾತಿಗೂ ಕಾಲಡಿಯ ಬಿಳುಪು ಕರಗಿತು. ಬೂದಿಬಣ್ಣವಾಯಿತು. ಕಪ್ಪಾಯಿತು. ಗಾಜಾಯಿತು. ಕೊಳೆತ ನೀರಿನ ವಾಸನೆ ಮೂಗಿಗೆ ಹೊಡೆಯಿತು. ಗಾಜಿನಡಿ ಒಂದು ಮುಖ ಅವನ ಜೊತೆ ಜಾರುತ್ತಿತ್ತು. ಅವನದೇ ಮುಖ. ಬಾಯಿ ತೆರೆಯಿತು. ಹಲ್ಲುಗಳಿದ್ದವು. ಎಣಿಸಲಾಗಲಿಲ್ಲ.

ಮಂಡಿಯೂರಿ ಬಿದ್ದ. ದೂರದಲ್ಲಿ ಅಜ್ಜಿಯ ಲಾಟೀನು.

"ಕ್ಷಮಿಸಬೇಕಂತೆ ಅಜ್ಜೀ!" ಎಂದ. ಆಗಲೂ ಕುಹಕ ಬಿಟ್ಟಿರಲಿಲ್ಲ. ಕೆಳಗಿನದು ಕೇಕೆ ಹಾಕಿತು. ನೀರು ಜಿನುಗಿ ಮಂಡಿ ಸುಟ್ಟಿತು.

"ಅಜ್ಜೀ! ನಿನ್ನನ್ನ ಆಡಿಕೊಂಡೆ! ಎಲ್ಲರನ್ನೂ ಆಡಿಕೊಂಡೆ! ಕ್ಷಮಿಸೂ!" ಗಂಟಲೊಳಗೆ ಏನೋ ಕಿತ್ತುಹೋಯಿತು.

ಲಾಟೀನು ಮೇಲೆದ್ದಿತು.

"ಯೇಸುವಿನ ಹೆಸರಲ್ಲಿ, ಅವನ ರಕ್ತದಲ್ಲಿ, ನಿನ್ನ ಪಾಪ ಎಲ್ಲ ಕ್ಷಮೆಯಾಗಿದೆ! ನಂಬು ಮಗಾ! ನಂಬಿ ನಡಿ! ಕೆಳಗೆ ನೋಡಬೇಡ!"

ಎದ್ದ. ನಡೆದ. ಮಂಜುಗಡ್ಡೆ ಬಟ್ಟೆಯಂತೆ ಬಾಗಿತು. ಬಾಗಿತು, ಒಡೆಯಲಿಲ್ಲ. ಇನ್ನೊಂದು ಹೆಜ್ಜೆ. ಒಡೆಯಲಿಲ್ಲ.

ದಡದಲ್ಲಿ ಅಜ್ಜಿ ಅವನ ಕೊರಳು ತಬ್ಬಿದಳು. ಮೂಗು ಸುರಿಸುತ್ತ ಅವನೂ ತಬ್ಬಿದ. ಏನೋ ಹೇಳಲು ಬಾಯಿ ತೆರೆದ. ಉಸಿರಷ್ಟೇ ಬಂತು. ಅವನ ದನಿ ಬಹು ದೂರ, ಸರೋವರದ ನಡುವೆ, ಮಂಜುಗಡ್ಡೆಯ ಕೆಳಗೆ, ಇನ್ನೂ ನಗುತ್ತಿತ್ತು.

ಆದರೂ ಮರುದಿನ ಅಳೆಯದೆ ಇರಲಾಗಲಿಲ್ಲ ಅವನಿಂದ. ಸೊಂಟಕ್ಕೆ ಹಗ್ಗ ಬಿಗಿದು, ಹೊಟ್ಟೆಯ ಮೇಲೆ ತೆವಳಿ, ತನ್ನ ಮಂಡಿಯ ಗುರುತಿನ ತನಕ ಹೋದ. ಬೈರಿಗೆ ಒಂದೇ ಸುತ್ತಿನಲ್ಲಿ ನೀರು ಮುಟ್ಟಿತು. ಅಳತೆಪಟ್ಟಿ ಇಳಿಸಿದ. ಎತ್ತಿ, ಮತ್ತೊಮ್ಮೆ ಇಳಿಸಿದ.

"ಎಷ್ಟಿದೆ ತಮ್ಮಾ?" ಹಗ್ಗದ ತುದಿ ಹಿಡಿದಿದ್ದ ಅಜ್ಜಿ ದಡದಿಂದ ಕೇಳಿದಳು.

ದನಿಯಿಲ್ಲದ ಐವಿಂದ್ ಎರಡು ಬೆರಳೆತ್ತಿ ತೋರಿಸಿದ. ಎರಡು ಸೆಂಟಿಮೀಟರ್.