ಬರೀ ತುಟಿಯ ಹಾಡು

"ನಿಮ್ಮ ಪಿಟೀಲಿನ ಮೈಕ್ ಆಫ್ ಇರುತ್ತೆ. ಸುಮ್ನೆ ಕಮಾನು ಆಡಿಸಿ, ಸಾಕು."

ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಸೌಂಡಿನವನು ಇಷ್ಟು ಹೇಳಿ, ಅವಳ ಮುಖವನ್ನೂ ನೋಡದೆ ವೈರು ಜೋಡಿಸತೊಡಗಿದ.

ಅವಳಿಗೆ ಸಿಟ್ಟು ನೆತ್ತಿಗೇರಿತು. "ಏನ್ರೀ ಹಾಗಂದ್ರೆ? ನಾನು ಪಿಟೀಲು ನುಡಿಸೋಕೆ ಬಂದಿರೋದು!"

"ಎಲ್ಲಾ ರೆಕಾರ್ಡಿಂಗಲ್ಲೇ ಇದೆ. ಪಿಟೀಲೂ ಇದೆ, ತಬಲಾನೂ ಇದೆ..." ಅವನು ತಡವರಿಸಿದ. "ಹಾಡೂ ಇದೆ."

"ಹಾಡೂ ಅಂದ್ರೆ... ಮೇಷ್ಟ್ರು ಹಾಡಲ್ವಾ?"

ಅವನು ಇಲ್ಲವೆಂಬಂತೆ ತಲೆಯಾಡಿಸಿ ಇನ್ನೊಂದು ವೈರು ಎತ್ತಿಕೊಂಡ.

ಮೇಷ್ಟ್ರು! ಹಿರಿಯ ಗಾಯಕರನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಅವಳ ಅಮ್ಮ ಬಟ್ಟೆ ಇಸ್ತ್ರಿ ಮಾಡುತ್ತಾ ರೇಡಿಯೋದಲ್ಲಿ ಕೇಳಿ ಮೈಮರೆಯುತ್ತಿದ್ದ ದನಿ ಅದು. ಮಗಳಿಗೆ ಅವರ ತಂಡದಲ್ಲಿ ಜಾಗ ಸಿಕ್ಕಿತೆಂದು ತಿಳಿದಾಗ ಅಮ್ಮ ಅತ್ತೇಬಿಟ್ಟಿದ್ದಳು.

ಪರದೆ ಸರಿಯಿತು. ಮೇಷ್ಟ್ರ ಹರೆಯದ ದನಿ ಸಭಾಂಗಣದ ತುಂಬ ಹರಿಯಿತು. ಮೇಷ್ಟ್ರು ಕಣ್ಮುಚ್ಚಿ, ಕೈ ಚಾಚಿ, ತುಟಿ ಆಡಿಸುತ್ತಿದ್ದರು. ಪಕ್ಕದಲ್ಲೇ ಕೂತವಳಿಗೆ ಅವರ ಗಂಟಲು ಅಲುಗದೇ ಇದ್ದದ್ದು ಕಾಣುತ್ತಿತ್ತು. ನಡುವೆ ಅವರಿಗೆ ಕೆಮ್ಮು ಬಂತು. ಕೆಮ್ಮಿದರು... ಹಾಡು ಮಾತ್ರ ನಿಲ್ಲಲಿಲ್ಲ!

ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

'ಥೂ... ಇವಳ ಕಣ್ಣೀರಿಗೂ ಮೋಸ ಮಾಡ್ತಿದ್ದೀವಲ್ಲ!'

ಸದ್ದಿಲ್ಲದ ಕಮಾನು ಆಡಿಸುತ್ತಿದ್ದ ತನ್ನ ಕೈಯನ್ನೇ ತೊಳೆದುಕೊಳ್ಳಬೇಕೆನಿಸಿತು ಅವಳಿಗೆ.

ಕಾರ್ಯಕ್ರಮ ಮುಗಿದದ್ದೇ ತಡ, ಸೌಂಡಿನವನ ಮೇಲೆ ಹರಿಹಾಯ್ದಳು.

"ನಾಚಿಕೆ ಆಗಲ್ವೇನ್ರೀ? ಆ ಮುದುಕನಿಗೆ ಚಪ್ಪಾಳೆ ಹುಚ್ಚು, ನಿಮಗೆ ಗುಂಡಿ ಒತ್ತೋ ಕೆಲಸ. ನೋಡಿದ್ರೆ ವಾಕರಿಕೆ ಬರುತ್ತೆ!"

ಅವನ ಮುಖ ಸಪ್ಪಗಾಯಿತು. "ಜನ ಬರೋದು ಅವರನ್ನ ನೋಡೋಕೆ. ವಯಸ್ಸಾದವರಿಗೆ ಅಷ್ಟು ರಿಯಾಯಿತಿ ಬೇಡ್ವಾ?"

"ವಯಸ್ಸಾದ ದನಿಗೆ ಎಷ್ಟು ಬೇಕಾದ್ರೂ ರಿಯಾಯಿತಿ ಕೊಡ್ತೀನಿ. ಸುಳ್ಳಿಗೆ ಕೊಡಲ್ಲ!"

ಅವನು ಅವಳನ್ನೇ ನೋಡಿದ. ಬೈಸಿಕೊಂಡವನ ಕಣ್ಣಲ್ಲಿ ಸಿಟ್ಟಿನ ಬದಲು ನೋವಿತ್ತು. ಮನೆಗೆ ಹೋದರೂ ಆ ನೋಟ ಬೆನ್ನು ಬಿಡಲಿಲ್ಲ.

'ಇಂಥವನ ಕಣ್ಣು ಇಷ್ಟು ಚೆನ್ನಾಗಿರಬಾರದಿತ್ತು!' ಎಂದುಕೊಂಡು ತನ್ನ ಮೇಲೇ ರೇಗಿಕೊಂಡಳು.

ಮುಂದಿನ ಕಾರ್ಯಕ್ರಮಕ್ಕೆ ಬೇಗ ಹೋದಳು. ಪಿಟೀಲು ಹೆಗಲಲ್ಲಿದ್ದರೂ ಹೋದದ್ದು ನುಡಿಸಲು ಅಲ್ಲ, ತಂಡ ಬಿಡುತ್ತೇನೆಂದು ಹೇಳಲು. ಮೇಷ್ಟ್ರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಸೌಂಡಿನವನ ದನಿ ಕೇಳಿಸಿತು.

"ಅಪ್ಪಾ, ಇವತ್ತು ಒಂದು ಹಾಡಾದ್ರೂ ನೀವೇ ಹಾಡಿ."

ಅಪ್ಪಾ?! ಅವಳ ಕಾಲು ಅಲ್ಲೇ ನಿಂತಿತು.

"ನಗ್ತಾರೆ ಕಣೋ. ಗಂಟಲ ಆಪರೇಷನ್ ಆದ್ಮೇಲೆ ಹಾಡಿದಾಗ ದನಿ ಒಡೀತಲ್ಲ, ಹೇಗೆ ನಕ್ಕಿದ್ರು ಮರೆತ್ಯಾ?"

"ಮರೆತಿಲ್ಲ. ನೀವು ರೂಮಿನಿಂದ ಹೊರಗೇ ಬರ್ತಿರಲಿಲ್ಲ, ಅದಕ್ಕೇ ಈ ಉಪಾಯ ಮಾಡ್ದೆ. ತಪ್ಪು ನಂದೇ. ನಿಮ್ಮನ್ನ ಗೊಂಬೆ ಮಾಡಿ ಕೂರಿಸಿದ್ದೀನಿ... ಆ ಗುಂಡಿ ಒತ್ತಿದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆ ಆಗುತ್ತೆ ಅಪ್ಪಾ."

ಮೇಷ್ಟ್ರ ಕಣ್ಣು ಬಾಗಿಲ ಕಡೆ ಹೊರಳಿತು. "ಏನಮ್ಮಾ ಪಿಟೀಲು, ಅಲ್ಲೇ ಯಾಕೆ ನಿಂತೆ? ನಿನಗೂ ಹೇಸಿಗೇನಾ?"

ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ಹೌದು ಮೇಷ್ಟ್ರೇ. ನಿಮ್ಮ ದನಿ ಹೇಗಿದ್ರೂ ಸರಿ, ನಾನು ಶ್ರುತಿ ಇಳಿಸ್ಕೊಂಡು ನುಡಿಸ್ತೀನಿ. ದನಿ ಒಡೆದ ಕಡೆ ಪಿಟೀಲು ಕೈಹಿಡಿಯುತ್ತೆ. ಆದ್ರೆ ಸುಮ್ನೆ ಕಮಾನು ಆಡಿಸೋದು ನನ್ನಿಂದ ಆಗಲ್ಲ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಒಂದು ಸಾಲು ಗುನುಗಿದರು. ಒರಟು ದನಿ... ಆದರೆ ಅವರದೇ!

ಅಂದು ಮೈಕ್ ಮುಂದೆ ಕೂತು ಅವರು ಮೊದಲು ಹೇಳಿದ್ದು ಇಷ್ಟೇ: "ಇಷ್ಟು ದಿನ ನಿಮ್ಮೆದುರು ಬರೀ ಬಾಯಿ ಆಡಿಸ್ತಿದ್ದೆ. ಇವತ್ತು ಹಾಡ್ತೀನಿ. ಇರೋರು ಇರಿ."

"ಮೋಸಗಾರ!" ಯಾರೋ ಕೂಗಿದರು. ಖಾಲಿ ಕಾಗದದ ಲೋಟವೊಂದು ಅವರ ಕಾಲಬುಡದಲ್ಲಿ ಬಿತ್ತು. ಅರ್ಧ ಸಭಾಂಗಣ ಎದ್ದು ನಡೆಯಿತು. ಹೋಗುವವರ ಮುಖದಲ್ಲಿದ್ದ ಅಸಹ್ಯವನ್ನು ಅವಳು ತಪ್ಪೆನ್ನಲಾರದೆ ಹೋದಳು.

ಮೇಷ್ಟ್ರು ಹಾಡಿದರು. ಎರಡು ಕಡೆ ದನಿ ಒಡೆಯಿತು. ಎರಡೂ ಕಡೆ ಪಿಟೀಲು ಅವರನ್ನು ಮೆಲ್ಲಗೆ ದಾಟಿಸಿತು. ಚಪ್ಪಾಳೆಯೇನೂ ಜೋರಾಗಿ ಬರಲಿಲ್ಲ. ಆದರೆ ಉಳಿದವರು ಯಾರೂ ಕೊನೆಯವರೆಗೆ ಏಳಲಿಲ್ಲ.

ಜನ ಕರಗಿದ ಮೇಲೆ ಅವನು ವೈರು ಸುತ್ತುತ್ತಿದ್ದ. ಅವಳು ಹತ್ತಿರ ಹೋದಳು.

"ಬಾಯಿಗೆ ಬಂದಂಗೆ ಅಂದ್ಬಿಟ್ಟೆ... ಕ್ಷಮಿಸಿ. ನಿಮ್ಮ ಅಪ್ಪ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಮೆತ್ತಗಾಗ್ತಿದ್ರಿ. ನಮಗೆ ಮುಖಕ್ಕೆ ಹೊಡೆದ ಹಾಗೆ ಹೇಳೋರು ಒಬ್ರು ಬೇಕಿತ್ತು."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

"ನಾಳೆಯಿಂದ ಮನೇಲೇ ಅಭ್ಯಾಸ," ಅವನು ವೈರಿನ ಸುರುಳಿಯನ್ನೇ ನೋಡುತ್ತಾ ಹೇಳಿದ. "ಬರ್ತೀರಾ?"

"ಮೇಷ್ಟ್ರಿಗೋಸ್ಕರನಾ?"

"ಅಲ್ಲ..." ಅವನ ಕಿವಿ ಕೆಂಪಾಯಿತು. "ನನಗೋಸ್ಕರ. ನೀವು ಬೈದ ದಿನದಿಂದ ನನ್ನ ತಲೇಲಿ ಬೇರೆ ಯಾರೂ ಇಲ್ಲ."

ಅವಳು ಅವನ ಕೈಯಿಂದ ವೈರಿನ ಇನ್ನೊಂದು ತುದಿ ತೆಗೆದುಕೊಂಡಳು.

"ಈ ನೀವು-ಗೀವು ಬಿಟ್ಟು ಕರೆದ್ರೆ ಬರ್ತೀನಿ."

ಅವನು ತಲೆಯೆತ್ತಿ ನೋಡಿದ.

"ಬಾ," ಎಂದ.