ಹುಣಸೀ ಚಾಳಿನ ಕಾಕಾ

ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆಯ ಮೇಲಿನ ಪುಟ್ಟ ಬಿಲ್ಲೆ ಮಾತಾಡಿತು.

"ನೀಲವ್ವಾ, ಲೈನ್ ಮ್ಯಾಲೆ ಮಂದಿ ಭಾಳ ಆಗ್ಯಾರ. ನಿನಗ ಈಗ ಇಂಟರ್‌ನೆಟ್ ಬೇಕೇನವಾ, ಇಲ್ಲಾ ಸ್ವಲ್ಪ ತಡದರ ನಡೀತೈತಿ?"

ದನಿ ಅರವತ್ತು ದಾಟಿದ, ಯಾವತ್ತೂ ಯಾರನ್ನೂ ಬೈದಿರದ ಗಂಡಸಿನದು. ನೀಲವ್ವ ಸೆರಗು ಸರಿಮಾಡಿಕೊಂಡಳು. ಗೋಡೆಯ ಬಿಲ್ಲೆಯ ಮುಂದೆ ಯಾರಾದರೂ ಸೆರಗು ಸರಿಮಾಡಿಕೊಳ್ಳುತ್ತಾರೆಯೇ ಎಂದು ನೀವು ನಗಬಹುದು. ಆದರೆ ಹಿರಿಯರ ದನಿ ಕೇಳಿದರೆ ಕೈ ತಾನಾಗಿ ಸೆರಗಿಗೆ ಹೋಗುತ್ತದೆ.

"ಇರ್ಲಿ ಬಿಡ್ರಿ ಕಾಕಾ. ನಮ್ದೇನ್ ಗಡಿಬಿಡಿ ಇಲ್ಲ. ಪತ್ತಾರವರ ಹುಡುಗಿ ಪರೀಕ್ಷೆಗೆ ಓದಾಕತ್ತೈತಿ, ಅಕಿಗೆ ಕೊಡ್ರಿ."

"ಆಗ್ಲಿ" ಎಂದ ಕಾಕಾ. ಬಿಲ್ಲೆಯ ಹಸಿರು ದೀಪ ಹಳದಿಯಾಯಿತು. ಒಳಕೋಣೆಯ ಮಂಚದ ಮೇಲೆ ಅವಳ ಗಂಡ ಈರಪ್ಪ ಹಡಪದನ ಬಲಗೈ ಅರ್ಧ ಮಡಚಿದ್ದು ಹಾಗೆಯೇ ನಿಂತುಬಿಟ್ಟಿತು.

ಈರಪ್ಪ ಹಳೇಹುಬ್ಬಳ್ಳಿಯಲ್ಲಿ ಕ್ಷೌರದ ಅಂಗಡಿ ನಡೆಸುತ್ತಿದ್ದವನು. ಮಳೆಗಾಲದ ಹೊತ್ತಿಗೆ ಲಕ್ವಾ ಹೊಡೆದು ಕತ್ತರಿ ಹಿಡಿಯುವ ಕೈಯೇ ಬಿದ್ದುಹೋಗಿತ್ತು. ಈಗ ಆ ಕೈಗೊಂದು ಗವಸು ತೊಡಿಸಿದ್ದಾರೆ. ಬೆಳಗಾವಿಯಲ್ಲಿ ಕುಳಿತ ವೈದ್ಯೆ ತನ್ನ ಬೆರಳು ಮಡಚಿದರೆ, ಗವಸಿನೊಳಗಿನ ಸಣ್ಣ ಮೋಟಾರುಗಳು ಅದೇ ಕ್ಷಣಕ್ಕೆ ಈರಪ್ಪನ ಬೆರಳನ್ನೂ ಮಡಚುತ್ತವೆ. 'ಮಡಚು' ಎಂದು ಮಿದುಳು ಅಂದುಕೊಳ್ಳುವುದೂ ಬೆರಳು ಮಡಚುವುದೂ ಒಟ್ಟಿಗೇ ಆಗಬೇಕು. ಹಾಗಾದರೆ ಮಾತ್ರ ಮರೆತ ದಾರಿ ಮಿದುಳಿಗೆ ಮತ್ತೆ ನೆನಪಾಗುತ್ತದೆ. ಸಂಪರ್ಕ ಕುಂಟಿದರೆ ಚಿಕಿತ್ಸೆ ವ್ಯರ್ಥ. ಬರುವ ಯುಗಾದಿಯೊಳಗೆ ಕೈ ಕಲಿತರೆ ಕಲಿತಂತೆ, ಆಮೇಲೆ ಕಷ್ಟ ಎಂದು ವೈದ್ಯೆ ಸ್ಪಷ್ಟವಾಗಿ ಹೇಳಿದ್ದಳು.

ಕಾಕಾ ಎಂದರೆ ಒಂದು ರೂಟರ್. ಹೊರಗಿನಿಂದ ಬರುವ ಇಂಟರ್‌ನೆಟ್ಟನ್ನು ಮನೆಯೊಳಗಿನ ಯಂತ್ರಗಳಿಗೆ ಹಂಚಿಕೊಡುವ ಪೆಟ್ಟಿಗೆ. ನಮ್ಮ ಕಾಲದ ರೂಟರ್‌ಗಳಿಗೆ ಕಣ್ಣೂ ಇಲ್ಲ, ಕರುಳೂ ಇಲ್ಲ. ಸಿನಿಮಾ ನೋಡುವವನಿಗೂ ಆಸ್ಪತ್ರೆಗೆ ಕರೆ ಮಾಡುವವನಿಗೂ ಅವು ಒಂದೇ ಲೆಕ್ಕದಲ್ಲಿ ಬಡಿಸುತ್ತವೆ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಗವಸು, ಗಾಳಿಯಲ್ಲಿ ಮೂಡುವ ತರಗತಿ, ದೂರದಿಂದ ನಡೆಸುವ ಹೊಲಿಗೆ ಯಂತ್ರ ಎಂದು ಎಲ್ಲವೂ ಒಂದೇ ತಂತಿಗೆ ಜೋತುಬಿದ್ದವು. ಆಗ ಡಾ. ಶಾಲ್ಮಲಾ ಹೆಬಸೂರ ಎಂಬ ವಿಜ್ಞಾನಿ, ಕೇಳಿ ಹಂಚುವ ರೂಟರ್ ಕಂಡುಹಿಡಿದಳು. ಲೈನ್ ಕಿಕ್ಕಿರಿದಾಗ ಅದು ಪ್ರತಿ ಮನೆಯ ಗೋಡೆಗೆ ಅಂಟಿಸಿದ ಬಿಲ್ಲೆಯ ಮೂಲಕ 'ಬೇಕೆ?' ಎಂದು ಕೇಳುತ್ತದೆ. ಬೇಡವೆಂದವರ ಪಾಲನ್ನು ಬೇಕೆಂದವರಿಗೆ ಕೊಡುತ್ತದೆ. ಪ್ರಯೋಗಾಲಯದಲ್ಲಿ ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ, ಮೊದಲ ಪೆಟ್ಟಿಗೆಯನ್ನು ಹುಣಸೀ ಚಾಳು ಎಂಬ ಈ ವಠಾರದ ಒಂಬತ್ತು ಮನೆಗಳಿಗೆ ಹಾಕಿಸಿ ಅವಳು ನಿಶ್ಚಿಂತೆಯಿಂದ ಇದ್ದಳು. ಜನ ನಂಬಲಿ ಎಂದು ಹಿರಿಯರ ದನಿಯನ್ನೂ ಅವಳೇ ಆರಿಸಿದ್ದಳು. ಕಾಕಾ ಎಂಬ ಹೆಸರನ್ನು ಇಟ್ಟವರು ಚಾಳಿನವರು.

ವಾರದೊಳಗೆ ದೂರು ಬಂತು. ಸಂಜೆಯಾದರೆ ಒಂಬತ್ತು ಮನೆಗಳಲ್ಲಿ ಒಂದಕ್ಕೂ ಇಂಟರ್‌ನೆಟ್ ಇಲ್ಲ.

ಶಾಲ್ಮಲಾ ಬಂದು ನೋಡಿದಾಗ ಪೆಟ್ಟಿಗೆ ಪತ್ತಾರರ ದೇವರ ಜಗಲಿಯಲ್ಲಿ, ಹಿತ್ತಾಳೆಯ ಮಂಟಪದೊಳಗೆ, ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು. ಸಿಕ್ಕಿತು ಎಂದುಕೊಂಡಳು. ಲೋಹ ರೇಡಿಯೋ ಅಲೆಗಳನ್ನು ತಡೆಯುತ್ತದೆ. ಪತ್ತಾರರ ಕ್ಷಮೆ ಕೇಳಿ ಪೆಟ್ಟಿಗೆಯನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕಿಸಿದಳು. ಸಂಜೆಯಾಯಿತು, ಇಂಟರ್‌ನೆಟ್ ಹೋಯಿತು. ಆರಿಸಿ ಹಚ್ಚಿದಳು. ತಂತಿ ಬದಲಿಸಿದಳು. ಅಲೆಗಳ ಚಾನೆಲ್ ಬದಲಿಸಿದಳು. ಏನೂ ಆಗಲಿಲ್ಲ.

"ಮೆಹರುನ್ನಿಸಾ ಅವರ ಹೊಲಿಗಿ ಮಷೀನು ಎಲ್ಲಾ ಎಳಕೊಳ್ಳಾಕತ್ತೈತೇನೊ ನೋಡ್ರಿ ಬಾಯಾರ" ಎಂದು ಗುರುನಾಥ ಪತ್ತಾರರು ಶಾಲ್ಮಲಾಳ ಕಿವಿಯಲ್ಲಿ ಪಿಸುಗುಟ್ಟಿದರು.

"ಪತ್ತಾರಣ್ಣಾರ ಮನಿ ಫ್ರಿಜ್ ಒಂದ್ಸಲ ನೋಡ್ರಿ" ಎಂದು ಮೆಹರುನ್ನಿಸಾ ಇನ್ನೂ ಮೆಲ್ಲಗೆ ಹೇಳಿದಳು.

ತಲೆ ಕೆಡಿಸಿದ್ದು ಇದೊಂದೇ ಅಲ್ಲ. ಶಾಲ್ಮಲಾಳ ಪರದೆಯ ಪ್ರಕಾರ ಎಲ್ಲವೂ ಸರಿಯಿತ್ತು. ಹೊರಗಿನ ಲೈನ್ ತುಂಬಿ ಹರಿಯುತ್ತಿತ್ತು, ಒಂಬತ್ತೂ ಮನೆಗಳ ಎದುರು 'ಸಂತೃಪ್ತ' ಎಂದು ಬರೆದಿತ್ತು. ಅಷ್ಟೂ ಸಂಪರ್ಕ ತುರ್ತು ಸಂದರ್ಭಕ್ಕೆಂದು ಕಾದಿಟ್ಟ ಪಾಲಿನಲ್ಲಿ ಸುಮ್ಮನೆ ಬಿದ್ದಿತ್ತು. ಹಂಡೆ ತುಂಬಾ ನೀರಿದ್ದು ಮನೆಮಂದಿಯೆಲ್ಲ ಬಾಯಾರಿ ಕುಳಿತರೆ ಯಾರಿಗೆ ಏನು ಹೇಳುವುದು? ಅವಳು ಪಡಸಾಲೆಯಲ್ಲಿ ತಲೆಗೆ ಕೈಹೊತ್ತು ಕುಳಿತಳು.

"ಬಾಯಾರ, ಸ್ವಲ್ಪ ಗಿರ್ಮಿಟ್ ಕೊಡ್ಲೇನು?" ಮೆಹರುನ್ನಿಸಾ ಕೇಳಿದಳು.

"ಬ್ಯಾಡ್ರಿ, ಈಗರ ತಿಂದು ಬಂದೀನಿ" ಎಂದಳು ಶಾಲ್ಮಲಾ. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಮೆಹರುನ್ನಿಸಾ ಆ ಮಾತು ಕಿವಿಗೇ ಬೀಳದವಳಂತೆ ಒಳಗೆ ಹೋಗಿ ತಟ್ಟೆ ತುಂಬಾ ಗಿರ್ಮಿಟ್ ತಂದಿಟ್ಟಳು, ಮೇಲೊಂದು ಮೆಣಸಿನಕಾಯಿ ಬಜ್ಜಿ ಬೇರೆ. ಶಾಲ್ಮಲಾ ಗಬಗಬ ತಿಂದಳು. ಅರ್ಧ ತಟ್ಟೆ ಮುಗಿದಾಗ ಅವಳ ಕೈ ನಿಂತಿತು.

"ನಾ ಬ್ಯಾಡ ಅಂದಿದ್ನೆಲ್ರೀ. ಯಾಕ ತಂದ್ರಿ?"

"ಮೊದಲ ಎಲ್ಲಾರೂ ಬ್ಯಾಡ ಅಂತಾರಲ್ರೀ. ಹಂಗಂತ ಹಸದವರನ್ನ ಹಂಗ ಕಳಸಾಕ ಆಗ್ತೈತೇನು?"

ಶಾಲ್ಮಲಾ ಧಾರವಾಡದಲ್ಲಿ ಹುಟ್ಟಿ ಬೆಳೆದವಳು. ಒಮ್ಮೆ ಕೇಳಿದಾಕ್ಷಣ 'ಕೊಡ್ರಿ' ಎಂದು ಅವಳೇ ಯಾರ ಮನೆಯಲ್ಲೂ ಅಂದವಳಲ್ಲ. ಪ್ರಯೋಗಾಲಯದ ಪೆಟ್ಟಿಗೆಗೆ ಹೆಸರೂ ಇರಲಿಲ್ಲ, ದನಿಯೂ ಇರಲಿಲ್ಲ. ಜನ ಅದಕ್ಕೆ ಮುಖ ನೋಡದೆ ಬೇಕು ಎಂದಿದ್ದರು. ಇಲ್ಲಿ ಹಿರಿಯ ಮನುಷ್ಯ ಬಂದು ಕೇಳಿದಂತಾಗಿ, ಒಂಬತ್ತು ಮನೆಯವರೂ ಮರ್ಯಾದೆಗೆ ಬೇಡ ಎಂದಿದ್ದರು. ಕಾಕಾ ಅದನ್ನು ನಿಜವೆಂದೇ ನಂಬಿಬಿಟ್ಟಿದ್ದ.

ಆ ಸಂಜೆಯೇ ಅವಳು ಕಾಕಾನಿಗೆ ಒತ್ತಾಯ ಮಾಡುವುದನ್ನು ಕಲಿಸಿದಳು. 'ಹಂಗಂದ್ರ ಹೆಂಗವಾ, ಸ್ವಲ್ಪರ ತಗೋ' ಎಂದು ಅವನು ಮತ್ತೆ ಕೇಳತೊಡಗಿದ. ಎರಡನೆಯ ಸಲಕ್ಕೆ ಪತ್ತಾರರು, ಮೂರನೆಯದಕ್ಕೆ ಮೆಹರುನ್ನಿಸಾ ಒಪ್ಪಿದರು. ಚಾಳಿನ ತುಂಬಾ ಹಸಿರು ದೀಪ ಹತ್ತಿದವು. ಹಡಪದರ ಮನೆಯ ದೀಪ ಮಾತ್ರ ಹಳದಿಯಾಗಿಯೇ ಉಳಿಯಿತು. ಕಾಕಾ ಒತ್ತಾಯ ಮಾಡಿದಷ್ಟೂ ನೀಲವ್ವ ಗಟ್ಟಿಯಾದಳು. ಶಾಲ್ಮಲಾಳ ಗೊಂದಲ ಈಗ ಸಿಟ್ಟಿಗೆ ತಿರುಗಿತ್ತು. ಮಹಡಿ ಹತ್ತಿ ಹೋದವಳು, ನಿಂತ ಗವಸಿನೊಳಗೆ ಕೊಕ್ಕೆಯಂತೆ ಬಾಗಿದ ಕೈ ಕಂಡು ದನಿ ತಗ್ಗಿಸಿದಳು.

"ಬೇಕು ಅಂದ್ರ ಏನಾಗ್ತೈತ್ರಿ ನೀಲವ್ವ?"

"ಚಾಳ ತುಂಬ ಮಂದಿ ಕಾಯಾಕತ್ತಿರ್ತಾರ. ಎಲ್ಲಾರನ್ನೂ ಬಿಟ್ಟು ನಮಗ ಕೊಡು ಅಂತ ಯಾವ ಬಾಯಿಲೆ ಕೇಳ್ಲಿ ಬಾಯಾರ?" ನೀಲವ್ವನ ಕಣ್ಣು ತುಂಬಿದವು. "ಈ ಕೈ ನೋಡಿದ್ರ ಕರಳು ಚುರುಕ್ ಅಂತೈತಿ. ಆದ್ರೂ ಬಾಯಿ ಬರಂಗಿಲ್ಲ."

"ಅಕಿ ಕೇಳಾಕಿ ಅಲ್ರೀ" ಎಂದ ಈರಪ್ಪ ಮಂಚದಿಂದ, ತೊದಲುತ್ತ. "ಲಗ್ನ ಆದಾಗಿಂದ ಒಂದ ಸೀರಿ ಸೈತ ಕೇಳಿಲ್ಲ. ಅದಕ್ಕ ನಾನೂ ಆರಾಮ ಇದ್ದೆ."

ಶಾಲ್ಮಲಾ ಕೆಳಗೆ ಬಂದು ಪೆಟ್ಟಿಗೆಯನ್ನು ಬಿಚ್ಚಿದಳು. ಕೇಳಿಸಿಕೊಂಡ ಉತ್ತರಗಳನ್ನು ಕಾಕಾ ಕೆಲವು ದಿನ ಇಟ್ಟುಕೊಂಡಿರುತ್ತಿದ್ದ, ಚಾಳಿನವರ ಒಪ್ಪಿಗೆ ಪಡೆದೇ. ಪ್ರತಿ ಉತ್ತರದಲ್ಲಿ 'ಬೇಕು' ಅಥವಾ 'ಬೇಡ' ಎಂಬುದನ್ನಷ್ಟೇ ಆರಿಸಿಕೊಂಡು ಉಳಿದ ಮಾತನ್ನು ಗದ್ದಲವೆಂದು ಬದಿಗೆ ತಳ್ಳು ಎಂದು ಅವಳೇ ಅವನಿಗೆ ಕಲಿಸಿದ್ದಳು. ಈಗ ಆ ಗದ್ದಲವನ್ನು ಕಿವಿಗೊಟ್ಟು ಕೇಳಿದಳು.

"ನಮ್ದಿರ್ಲಿ ಕಾಕಾ, ಮ್ಯಾಲೆ ಈರಪ್ಪಂದು ಕೈ ಚಿಕಿತ್ಸಾ ನಡದೈತಿ, ಅವಗ ಕೊಡು." ಇದು ಪತ್ತಾರರು.

"ನನ್ನ ಹೊಲಿಗಿ ನಾಳೆ ಆಗ್ತೈತಿ. ಮೊದಲ ಹಡಪದರ ಮನಿಗೆ ಕೊಡ್ರಿ." ಇದು ಮೆಹರುನ್ನಿಸಾ.

ಮುಂದಿನ ಮನೆ, ಅದರ ಮುಂದಿನದು. ದಿನದಿನವೂ ಅದೇ ಮಾತು. ಯಾರಿಗೆ ಕೊಡಬೇಕೆಂದು ಇಡೀ ಚಾಳು ಮೊದಲ ಸಂಜೆಯಿಂದಲೇ ಬಾಯಿಬಿಟ್ಟು ಹೇಳಿತ್ತು. ಕಾಕಾ ಅದಷ್ಟನ್ನೂ ಕಸದ ಬುಟ್ಟಿಗೆ ಹಾಕಿದ್ದ. ಶಾಲ್ಮಲಾಗೆ ನಾಚಿಕೆಯಾಯಿತು. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು, ಒಂದು ಸಲ ಬಿಕ್ಕಿದಳು.

ಮರುದಿನ ಕಾಕಾನ ಪ್ರಶ್ನೆಯೇ ಬದಲಾಯಿತು. ನಿನಗೆ ಬೇಕೆ ಎಂದು ಅವನು ಕೇಳುವುದನ್ನು ಬಿಟ್ಟ. "ಬಾಜೂ ಮನ್ಯಾಗ ಯಾರಿಗೆ ಬೇಕಾಗೈತಿ?" ಎಂದು ಕೇಳತೊಡಗಿದ. ಎಂಟು ಮನೆಗಳಿಂದ ಒಂದೇ ಹೆಸರು ಬಂತು. ನೀಲವ್ವ ಪತ್ತಾರರ ಮಗಳ ಹೆಸರು ಹೇಳಿದಳು, ಅವಳಿಗೂ ಪಾಲು ಸಿಕ್ಕಿತು. ಅಂದು ಗವಸು ಒಮ್ಮೆಯೂ ನಿಲ್ಲಲಿಲ್ಲ. ಯುಗಾದಿಯ ಹೊತ್ತಿಗೆ ಈರಪ್ಪ ಬಾಚಣಿಕೆ ಹಿಡಿದ. ಬೇಸಿಗೆ ಮುಗಿಯುವಾಗ ಹಟ ಹಿಡಿದು ಪತ್ತಾರರ ತಲೆಗೆ ಕತ್ತರಿ ಹಾಕಿದ. ಎಡಗಡೆ ಒಂದು ಬೆರಳು ಹೆಚ್ಚೇ ಬೋಳಾಯಿತು. ಪತ್ತಾರರು ಟೊಪ್ಪಿಗೆ ಹಾಕದೆ ಬಜಾರೆಲ್ಲ ತಿರುಗಾಡಿ, ಇದು ನಮ್ಮ ಈರಪ್ಪನ ಕೈಕೆಲಸ ಎಂದು ಹೇಳಿಕೊಂಡು ಬಂದರು.

ಕಾಕಾ ಊರೂರಿಗೆ ಹೋದ. ಶಾಲ್ಮಲಾಗೆ ಹೆಸರು ಬಂತು. ಒಂದು ಭಾನುವಾರ ಅವಳು ತಾನಿರುವ ಗೋಪುರದಂಥ ಅಪಾರ್ಟ್‌ಮೆಂಟಿಗೂ ಒಂದು ಪೆಟ್ಟಿಗೆ ಹಾಕಿಸಿ, ಚಹಾ ಹಿಡಿದು ಕುಳಿತಳು.

"ಬಾಜೂ ಮನ್ಯಾಗ ಯಾರಿಗೆ ಬೇಕಾಗೈತಿ?" ಎಂದ ಕಾಕಾ.

ಶಾಲ್ಮಲಾ ಬಾಯಿ ತೆರೆದಳು. ಗೋಡೆಯಾಚೆಯಿಂದ ಆಗಾಗ ಕೆಮ್ಮು ಕೇಳುತ್ತಿತ್ತು. ಬೆಳಿಗ್ಗೆ ಒಗ್ಗರಣೆಯ ವಾಸನೆ ಬರುತ್ತಿತ್ತು. ಹೆಸರು? ಗಂಡಸೋ, ಹೆಂಗಸೋ? ಆರು ವರ್ಷದಿಂದ ಒಂದೇ ಲಿಫ್ಟಿನಲ್ಲಿ ಇಳಿದು ಹತ್ತುತ್ತಿದ್ದರೂ ಅವಳಿಗೆ ಗೊತ್ತಿರಲಿಲ್ಲ. ಪರದೆ ನೋಡಿದಳು. ಇಡೀ ಕಟ್ಟಡದಿಂದ ಒಂದು ಹೆಸರೂ ಬಂದಿರಲಿಲ್ಲ. ಸ್ವಲ್ಪ ಹೊತ್ತು ಕಾದ ಕಾಕಾ, ಯಾರಿಗೂ ಹೆಚ್ಚಿನದೇನೂ ಬೇಡವೆಂದು ತೀರ್ಮಾನಿಸಿ, ಇವತ್ತು ನಿಮ್ಮ ನಮ್ಮ ಮನೆಗಳ ಮೂಲೆಯಲ್ಲಿ ಮಿನುಗುವ ಪೆಟ್ಟಿಗೆಗಳ ಹಾಗೆ ಎಲ್ಲರಿಗೂ ಒಂದೇ ಸಮ ಹಂಚಿ ಸುಮ್ಮನಾದ.

ಗೋಡೆಯಾಚೆ ಮತ್ತೆ ಕೆಮ್ಮು ಕೇಳಿಸಿತು.

ಶಾಲ್ಮಲಾ ಕಪ್ಪು ಕೆಳಗಿಟ್ಟು ಎದ್ದಳು. ಹೊರಗೆ ಬಂದು ಪಕ್ಕದ ಮನೆಯ ಗಂಟೆ ಒತ್ತಿದಳು.

"ಯಾರು?" ಎಂದಿತು ಒಳಗಿನ ದನಿ.

"ಬಾಜೂ ಮನ್ಯಾಕಿರಿ" ಎಂದಳು ಶಾಲ್ಮಲಾ.