ಬಾಜೂ ಸೀಟಿನ ತೂಕ

ಹೆಣ್ಣು ನೋಡಲು ಬಂದ ಗಂಡು ಹೆಸರು ಕೇಳುತ್ತಾನೆ, ಓದು ಕೇಳುತ್ತಾನೆ, ಹೆಚ್ಚೆಂದರೆ ಹಾಡು ಬರುತ್ತದೆಯೇ ಎಂದು ಕೇಳುತ್ತಾನೆ. ನನ್ನನ್ನು ನೋಡಲು ಬಂದವನು, ಅವಲಕ್ಕಿ ತಟ್ಟೆ ಹಿಡಿದು ನಿಂತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದ್ದು ಒಂದೇ.

"ನಿಮ್ಮ ತೂಕ ಎಷ್ಟರೀ?"

ಖಾನಾಪುರದ ನಮ್ಮ ಪಡಸಾಲೆಯಲ್ಲಿ ಕೂತವರೆಲ್ಲ ಅವನ ಕಡೆ ತಿರುಗಿದರು. ಅವ್ವ ಚಹಾದ ಕಪ್ಪುಬಸಿಗಳನ್ನು ಅಲ್ಲೇ ನೆಲಕ್ಕಿಟ್ಟಳು.

ಅದು ಎಪ್ಪತ್ತೊಂಬತ್ತನೆಯ ಇಸವಿ. ನಾನು ಚಂದ್ರವ್ವ, ಅಕ್ಕಿ ವ್ಯಾಪಾರದ ಈರಯ್ಯನವರ ಒಬ್ಬಳೇ ಮಗಳು, ಬಿ.ಎ. ಮುಗಿಸಿದವಳು, ತುಸು ಮೈತುಂಬಿಕೊಂಡವಳು. ಅದಕ್ಕೂ ಮೊದಲು ಬಂದ ಇಬ್ಬರು 'ಹುಡುಗಿ ದಪ್ಪ' ಎಂದು ಹೇಳಿಕಳಿಸಿದ್ದರು. ಇವನು ಬೆಳಗಾವಿ ಹಿಂದವಾಡಿಯ ಚನ್ನಬಸಯ್ಯ. ಕಾಕಾನ ಹಿಂದೆ ನೈರೋಬಿಗೆ ಹೋಗಿ ವಿಮಾನ ಹಾರಿಸಲು ಕಲಿತವನು. ನಕ್ಕರೆ ಬಾಯಿಗಿಂತ ಮೊದಲು ಕಣ್ಣು ನಗುತ್ತಿದ್ದವು. ಬಾಗಿಲ ಸಂದಿಯಿಂದ ನೋಡಿದ ಗಳಿಗೆಯಲ್ಲೇ ನನ್ನ ಮನಸ್ಸು ಹೂಂ ಅಂದುಬಿಟ್ಟಿತ್ತು. ಅದಕ್ಕೇ ಸಿಟ್ಟು ನೆತ್ತಿಗೇರಿತು.

"ಪ್ಯಾಟ್ಯಾಗ ನಮ್ಮ ಅಪ್ಪಾರ ಅಂಗಡಿ ಐತ್ರಿ. ಅಲ್ಲಿ ಕಾಟಾ ಐತಿ. ಚೀಲದ ತೂಕ ಅಲ್ಲೇ ಹೇಳ್ತಾರ, ಹೋಗಿ ಕೇಳ್ರಿ!"

ತಟ್ಟೆ ಕುಕ್ಕಿ ಒಳಗೆ ಹೋದೆ. ಹೋಗಿ ಅತ್ತೆ. ಪುಣ್ಯಕ್ಕೆ ಉಳ್ಳಾಗಡ್ಡಿ ಹೆಚ್ಚುವ ನೆಪವಿತ್ತು.

ಎರಡು ದಿನ ಕಳೆದು ಅವನು ನಿಜಕ್ಕೂ ಅಂಗಡಿಗೇ ಬಂದ. ಅಪ್ಪ ಊಟಕ್ಕೆ ಹೋಗಿದ್ದರಿಂದ ಗಾದಿಯ ಮೇಲೆ ನಾನಿದ್ದೆ. "ಶರಣರಿ" ಎಂದವನೇ ನೆಟ್ಟಗೆ ಕಾಟಾದ ಮೇಲೆ ಹತ್ತಿ ನಿಂತ.

"ಮೊದಲ ನಂದು ನೋಡ್ರಿ."

ನೋಡಬಾರದು ಅಂದುಕೊಳ್ಳುತ್ತಲೇ ನೋಡಿದೆ.

"ಅರವತ್ನಾಕು. ಬೂಟ ಸೇರಿ. ಇನ್ನ ಇಳೀರಿ, ಗಿರಾಕಿ ಬರ್ತಾರ."

ಅವನು ಇಳಿಯಲಿಲ್ಲ. "ನಂದು ಆರು ಸೀಟಿನ ಸಣ್ಣ ವಿಮಾನ ರೀ. ಆನಿ, ಸಿಂಹ ನೋಡಾಕ ಬಂದ ಮಂದಿನ್ನ ನೈರೋಬಿಯಿಂದ ಸಾಂಬೂರು, ಮಾರಾ ಅಂತ ದೂರದ ಅಡವಿಗೆ ಒಯ್ತೀನಿ. ರಸ್ತಾದಾಗ ಹೋದ್ರ ದಿನಪೂರ್ತಿ ಧೂಳ. ವಿಮಾನದಾಗ ಒಂದು ನಿದ್ದಿ ಆಗೂದ್ರಾಗ ಮುಟ್ಟತಾರ."

"ಅದಕ್ಕೂ ನನ್ನ ತೂಕಕ್ಕೂ ಏನ ಸಂಬಂಧ?"

"ಅಲ್ಲಿ ಇಳಿಯೂ ಜಾಗಾ ಅಂದ್ರ ಬರೇ ಹುಲ್ಲಿನ ಬಯಲ ರೀ. ಝೀಬ್ರಾ ಮೇಯ್ತಿರ್ತಾವ. ಒಂದು ಸುತ್ತು ಕೆಳಗ ಹಾರಿ ಅವನ್ನ ಓಡಿಸಿ ಆಮ್ಯಾಲ ಇಳೀಬೇಕು. ತಿರುಗಿ ಹೊಂಡೂವಾಗ ಭಾರ ಹೆಚ್ಚಾತಂದ್ರ ವಿಮಾನ ಏಳಂಗಿಲ್ಲ. ಅದಕ್ಕ ಹತ್ತೂಕಿಂತ ಮೊದಲ ಎಲ್ಲಾರ್ನೂ ಚೀಲದ ಸಮೇತ ತೂಗತೀವಿ. ದೊಡ್ಡ ದೊಡ್ಡ ಸಾಹೇಬ್ರೂ ಸುಮ್ಮನ ಕಾಟಾ ಹತ್ತತಾರ."

"ಅವರನ್ನೂ ಲಗ್ನಕ್ಕ ಕೇಳ್ತೀರೇನು?"

ಅವನು ಎಷ್ಟು ಜೋರಾಗಿ ನಕ್ಕನೆಂದರೆ ಕಾಟಾದ ಮುಳ್ಳು ಅಲ್ಲಾಡಿತು. ನನಗೂ ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡೆ. ಅವನು ಕೆಳಗಿಳಿದ. ದನಿ ಸಣ್ಣದಾಯಿತು.

"ಬಾಜೂ ಸೀಟಿನ್ಯಾಗ ಯಾರು ಅನ್ನೂದು ಪೈಲಟ್‌ಗ ಮೊದಲ ಗೊತ್ತಿರಬೇಕ್ರಿ. ನೀವು ಅವಲಕ್ಕಿ ಹಿಡಕೊಂಡು ಬಂದ್ರಿ, ನಾ ಮನಸಿನ್ಯಾಗ ನಿಮ್ಮನ್ನ ಬಾಜೂಕ ಕೂಡ್ರಿಸಿಬಿಟ್ಟೆ. ಬಾಯಿ ತಪ್ಪಿ ತೂಕ ಕೇಳಿದೆ."

ನನ್ನ ಕಿವಿ ಬಿಸಿಯಾದವು. ಮುಂದಿದ್ದ ಅಕ್ಕಿಯಲ್ಲಿ ಬೆರಳಾಡಿಸುತ್ತ ಕೇಳಿದೆ, "ಭಾರ ಹೆಚ್ಚಾದ್ರ?"

"ಒಂದು ಪೇಟಿ ಕೆಳಗ ಇಳಸತೀನಿ."

"ನನ್ನನ್ನಲ್ಲ?"

"ಪೇಟಿ ಮರುದಿನ ಬರ್ತಾವ ರೀ. ನಿಮ್ಮನ್ನ ಬಿಟ್ಟು ನಾ ಹ್ಯಾಂಗ ಹೋಗ್ಲಿ?"

ಅಯ್ಯ ನನ್ನವ್ವ, ಎಂಥ ಮಾತು! ನಾನು ಅಕ್ಕಿಯಿಂದ ತಲೆ ಎತ್ತುವಷ್ಟರಲ್ಲಿ ಅವನು ಮೆಟ್ಟಿಲ ಹತ್ತಿರ ಹೋಗಿ ತಿರುಗಿದ.

"ನಾ ಇನ್ನೊಮ್ಮೆ ಕೇಳಂಗಿಲ್ಲ. ರವಿವಾರ ಮಿರಜ ಗಾಡಿಗೆ ಬೆಳಗಾವಿ ಬಿಟ್ಟು ತಿರುಗಿ ನೈರೋಬಿಗೆ ಹೊಂಟೀನಿ. ಅದರೊಳಗ ನೀವಾಗೇ ತೂಕ ಹೇಳಿದ್ರ, ಹೂಂ ಅಂದಂಗ. ಹೇಳದಿದ್ರ ನಾ ಸಿಟ್ಟಾಗಂಗಿಲ್ಲ."

ಹೇಳುವುದು ಅಷ್ಟು ಸುಲಭವೇ? ಮೊದಲಿನಿಬ್ಬರು ಬರೀ ಕಣ್ಣಳತೆಯಲ್ಲೇ ಬೇಡ ಅಂದಿದ್ದರು. ಇವನು ಲೆಕ್ಕ ಕೇಳಿ ಮುಖ ಸಣ್ಣದು ಮಾಡಿದರೆ? ಬೇರೆಯವರು ಬೇಡ ಅಂದಿದ್ದನ್ನು ತಡೆದುಕೊಂಡಿದ್ದೆ. ಇವನು ಅಂದರೆ ತಡೆಯಲಾರೆ. ಯಾರೂ ಇಲ್ಲದಾಗ ಕಾಟಾ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಕಾಟಾ ನನ್ನ ಮರ್ಯಾದೆ ನೋಡಲಿಲ್ಲ.

ರವಿವಾರ ಅಪ್ಪ ಅಂಗಡಿ ತೆರೆಯಲೇ ಇಲ್ಲ. ರುಮಾಲು ಸುತ್ತಿಕೊಂಡು ಬಂದು ನಿಂತರು.

"ಚಂದ್ರೀ, ಅವತ್ತ ಆ ಹುಡುಗ ಹೇಳಿದ್ದು ನಾ ಊಟಾ ಮುಗಿಸಿ ಬಂದು ಬಾಗಲ ಮರಿಗೆ ನಿಂತು ಕೇಳೀನಿ. ನೀ ಕದ್ದು ಕಾಟಾ ಹತ್ತಿದ್ದೂ ನೋಡೀನಿ. ಕಾಟಾಕ್ಕ ಹೇಳಿದ್ರ ಏನ ಬಂತು? ಹೇಳಬೇಕಾದವಗ ಹೇಳು, ನಡಿ."

ಖಾನಾಪುರದಲ್ಲಿ ನಾವು ಹತ್ತಿದ ಗಾಡಿ, ಬೆಳಗಾವಿ ಇನ್ನೂ ಮುಂದಿರುವಾಗಲೇ, ದೇಸೂರಿನಲ್ಲಿ ನಿಂತುಬಿಟ್ಟಿತು. ಎದುರು ಗಾಡಿಯ ಕ್ರಾಸಿಂಗ್ ಅಂತೆ. ನನ್ನ ಜೀವ ಬಾಯಿಗೆ ಬಂತು.

"ಅಪ್ಪಾ, ಅಂವ ಹೋಗಿಬಿಟ್ಟರ?"

"ಹುಚ್ಚಿ, ಅಂವ ಹತ್ತೂ ಗಾಡಿನೂ ಇದ ಐತಿ. ಇದು ಮುಟ್ಟದ ಅಂವ ಹ್ಯಾಂಗ ಹೋಗ್ತಾನ?"

ಬೋಗಿಯಲ್ಲಿದ್ದವರೆಲ್ಲ ನಕ್ಕರು. ನಾಚಿಕೆಯಿಂದ ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಬೆಳಗಾವಿ ಸ್ಟೇಷನ್ನಿನಲ್ಲಿ ಅರ್ಧ ಹಿಂದವಾಡಿಯೇ ಬಂದು ನಿಂತಿತ್ತು. ಅವನ ತಾಯಿ ಪೇಟಿಯಲ್ಲಿ ಕುಂದಾದ ಡಬ್ಬಿ ತುರುಕುತ್ತಿದ್ದರು. ನಾನು ಇಳಿದದ್ದನ್ನು ನೋಡಿದ ಅವನು ಮಾತು ನಿಲ್ಲಿಸಿದ. ನಗಲಿಲ್ಲ, ಹತ್ತಿರ ಬರಲಿಲ್ಲ, ಬರೀ ನೋಡುತ್ತ ನಿಂತ. ಎಂಜಿನ್ ಸಿಳ್ಳು ಹಾಕಿತು.

ಆದದ್ದಾಗಲಿ ಎಂದು ಕೂಗಿಯೇಬಿಟ್ಟೆ.

"ಎಪ್ಪತ್ತೊಂದು!"

ಅವನ ಬಳಗ, ಹಮಾಲರು, ಚಹಾದವನು, ಎಲ್ಲರೂ ತಿರುಗಿ ನೋಡಿದರು. ನಾನು ನೋಡಿದ್ದು ಅವನ ಮುಖವನ್ನು ಮಾತ್ರ. ಮೊದಲು ಕಣ್ಣು ನಕ್ಕವು.

"ಚಪ್ಪಲ ಸೇರಿಯೋ, ಬಿಟ್ಟೋ?"

"ಬಿಟ್ಟು!" ಎಂದೆ. ನಗುವೋ ಅಳುವೋ ನನಗೇ ತಿಳಿಯಲಿಲ್ಲ.

ಅವನು ಪೇಟಿ ತೆರೆದು, ತಾಯಿ ತುರುಕಿದ್ದ ಕುಂದಾದ ಡಬ್ಬಿಗಳನ್ನೆಲ್ಲ ಹೊರಗೆ ತೆಗೆದು ನನ್ನ ಕೈಗಿಟ್ಟ.

"ಏನೋ ಇದು?" ಎಂದರು ತಾಯಿ ಗಾಬರಿಯಾಗಿ.

"ಭಾರ ಇಳಸಾಕತ್ತೀನಿ ಬೇ," ಎಂದ. "ಬಾಜೂ ಸೀಟು ಭರ್ತಿ ಆತು."

ಮುಂದಿನ ರಜೆಗೆ ಬಂದು ಲಗ್ನವಾಗಿ ಕರೆದೊಯ್ದ. ನೈರೋಬಿಯ ಸಣ್ಣ ವಿಮಾನಗಳ ಮೈದಾನದಲ್ಲಿ, ಎಲ್ಲರೆದುರು ನಾನೇ ಮೊದಲು ಕಾಟಾ ಹತ್ತಿದೆ. ಅವನು ಬಗ್ಗಿ ನೋಡಿದ.

"ಎಪ್ಪತ್ನಾಕು! ಕುಂದಾ ಎಲ್ಲಾ ನೀನ ತಿಂದೇನು?"

"ಮತ್ತ? ಕೊಟ್ಟಾವರು ನೀವಲ್ಲೇನು?"

ಸ್ವಲ್ಪ ಹೊತ್ತಿಗೆ ಸಾಂಬೂರಿನ ಹುಲ್ಲುಬಯಲು ಕೆಳಗೆ ತೆರೆದುಕೊಂಡಿತು. ವಿಮಾನ ಒಂದು ಸುತ್ತು ಕೆಳಗೆ ಹಾರಿತು, ಝೀಬ್ರಾಗಳು ಧೂಳೆಬ್ಬಿಸಿ ಓಡಿದವು. ನಾನು ಅವನ ಬಾಜೂ ಸೀಟಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದೆ.

ಆ ದಿನ ಯಾರೋ ಸಾಹೇಬನ ಪೇಟಿ ನೈರೋಬಿಯಲ್ಲೇ ಉಳಿಯಿತು. ಮರುದಿನ ಬಂತು.